ಅಮೆರಿಕದ ಸಮಕಾಲೀನ ಕವಿಗಳ ಆತ್ಮಾವಲೋಕನ ಗದ್ಯ

ಅಮೆರಿಕ ಸಂಯುಕ್ತ ಸಂಸ್ಥಾನದ ಕವಿಗಳು ಎರಡನೆಯ ಮಹಾಯುದ್ಧದ ತರುವಾಯ ತಮ್ಮ ಬದುಕನ್ನೂ ಕಾವ್ಯರಚನೆಯನ್ನೂ ಕುರಿತು ಬರೆದ ಅಥವಾ ಹೇಳಿದ ಗದ್ಯಕ್ಕೆ ಈ ಹೆಸರು. ಸಂದರ್ಶನ, ಪ್ರಬಂಧ, ಉಪನ್ಯಾಸ, ಆತ್ಮಕಥೆ, ಪತ್ರ, ದಿನಚರಿ, ಧ್ವನಿಮುದ್ರಿತ ಮಾತುಕತೆ ಇವೆಲ್ಲ ಇದರೊಳಗೆ ಬರುತ್ತವೆ. ಬದುಕಿನ ಪೂರ್ಣ ವೃತ್ತಾಂತವನ್ನು ಆತ್ಮಕಥೆ ಎಂದೂ ಬದುಕಿನ ಒಂದು ಭಾಗವನ್ನೋ ಒಂದು ಸಂಬಂಧವನ್ನೋ ಹಿಡಿದು ಬರೆದುದನ್ನು ಸ್ಮೃತಿಕಥನ ಎಂದೂ ಇಲ್ಲಿ ಕರೆದಿದೆ. ಕವಿಯ ಸ್ವಂತ ಬದುಕೇ ವಸ್ತುವಾದ ಕವಿತೆಗಳನ್ನು ಕಾವ್ಯದ ಚರಿತ್ರೆಯಲ್ಲಿಯೇ ಎಣಿಸುವುದು ವಾಡಿಕೆ. ಗದ್ಯವನ್ನು ವಿವರಿಸಲು ಬೇಕಾದಷ್ಟಕ್ಕೆ ಮಾತ್ರ ಅವುಗಳ ಪ್ರಸ್ತಾಪ ಇಲ್ಲಿ ಬಂದಿದೆ. ಇತರರು ಬರೆದ ಜೀವನಚರಿತ್ರೆಗಳು ಈ ಗದ್ಯದಲ್ಲಿ ಸೇರುವುದಿಲ್ಲ.

ಹಿನ್ನೆಲೆ

ತನ್ನ ಕವಿತೆ ಹೇಗೆ ಹುಟ್ಟಿತೆಂದು ಕವಿಯೇ ವಿವರಿಸುವ ರೂಢಿ ಅಮೆರಿಕದಲ್ಲಿ ಹಳೆಯದು. ಎಡ್ಗರ್ ಅಲನ್ ಪೋ 1846ರಲ್ಲಿ 'ದ ಫಿಲಾಸಫಿ ಆಫ್ ಕಾಂಪೊಸಿಷನ್' ಎಂಬ ಪ್ರಬಂಧ ಪ್ರಕಟಿಸಿ, ತನ್ನ 'ದ ರೇವನ್' ಕವಿತೆಯನ್ನು ಲೆಕ್ಕ ಬಿಡಿಸುವ ಕ್ರಮದಲ್ಲಿ ಕಟ್ಟಿದೆನೆಂದು ತೋರಿಸಲು ಯತ್ನಿಸಿದ. ಈ ವಿವರಣೆ ಕವಿತೆ ಜನಪ್ರಿಯವಾದ ಮೇಲೆ ಬರೆದದ್ದು. ಅದನ್ನು ಅಕ್ಷರಶಃ ನಂಬಿದ ವಿಮರ್ಶಕರು ಕಡಿಮೆ. ಕವಿ ತನ್ನ ಬಗ್ಗೆ ಹೇಳಿಕೊಳ್ಳುವ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬ ತಕರಾರು ಹೀಗೆ ಈ ಪ್ರಕಾರದ ಮೊದಲ ಬರಹದಿಂದಲೇ ಅಂಟಿಕೊಂಡಿದೆ.

ವಾಲ್ಟ್ ವಿಟ್ಮನ್ 1855ರಲ್ಲಿ 'ಲೀವ್ಸ್ ಆಫ್ ಗ್ರಾಸ್' ಸಂಕಲನಕ್ಕೆ ಬರೆದ ಮುನ್ನುಡಿ, ಅಂತರ್ಯುದ್ಧದ ಆಸ್ಪತ್ರೆಗಳಲ್ಲಿ ಗಾಯಾಳುಗಳ ಸೇವೆ ಮಾಡಿದ ದಿನಗಳನ್ನು ಒಳಗೊಂಡ 'ಸ್ಪೆಸಿಮನ್ ಡೇಸ್' (1882), ತನ್ನ ಇಡೀ ಕೃತಿಯನ್ನು ಹಿಂತಿರುಗಿ ನೋಡಿದ 1888ರ ಪ್ರಬಂಧ ಇವು ಮುಂದಿನವರಿಗೆ ಮಾದರಿಯಾದವು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಲ್ಯಾಂಗ್‌ಸ್ಟನ್ ಹ್ಯೂಸ್‌ನ 'ದ ಬಿಗ್ ಸೀ' (1940) ಆಫ್ರಿಕನ್ ಅಮೆರಿಕನ್ ಸಾಹಿತ್ಯ, ಕಲೆಗಳ ಹಾರ್ಲೆಂ ನವೋದಯದ ಒಳನೋಟ ಕೊಟ್ಟಿತು. ನ್ಯೂಜೆರ್ಸಿಯ ರದರ್‌ಫರ್ಡ್‌ನಲ್ಲಿ ವೈದ್ಯನಾಗಿದ್ದ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ 1951ರಲ್ಲಿ ಆತ್ಮಕಥೆ ಪ್ರಕಟಿಸಿದ. 1958ರಲ್ಲಿ ಬಂದ 'ಐ ವಾಂಟೆಡ್ ಟು ರೈಟ್ ಎ ಪೊಯಮ್' ಎಂಬ ಪುಸ್ತಕದಲ್ಲಿ ಅವನು ತನ್ನ ಕೃತಿಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಅವು ಯಾವಾಗ ಹೇಗೆ ಬಂದವೆಂದು ಈಡಿತ್ ಹೀಲ್ ಎಂಬ ಲೇಖಕಿಗೆ ಹೇಳುತ್ತಾನೆ. ಮುಂದೆ ನೂರಾರು ಕವಿಗಳು ಅನುಸರಿಸಿದ ಕ್ರಮ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಯುದ್ಧಾನಂತರ ಈ ಗದ್ಯ ಒಮ್ಮೆಗೆ ಹೆಚ್ಚಲು ಕಾರಣವಾದುದು ಮುಖ್ಯವಾಗಿ ಸಂಸ್ಥೆಗಳು. 1936ರಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ ಲೇಖನ ಕಮ್ಮಟ ಆರಂಭವಾಯಿತು. ಅಂಥವೇ ವಿಭಾಗಗಳು ದೇಶದಾದ್ಯಂತ ಹುಟ್ಟಿಕೊಂಡ ಮೇಲೆ ಕವಿಗೆ ಮೇಷ್ಟರ ಕೆಲಸ ಸಿಕ್ಕಿತು, ಕವಿತೆ ಹೇಗೆ ಬರೆದಿರಿ ಎಂಬುದು ತರಗತಿಯಲ್ಲಿ ನಿತ್ಯ ಕೇಳುವ ಪ್ರಶ್ನೆಯಾಯಿತು. ಬಫಲೊ ವಿಶ್ವವಿದ್ಯಾಲಯದ ಗ್ರಂಥಾಲಯಾಧಿಕಾರಿ ಚಾರ್ಲ್ಸ್ ಆಬಟ್ 1930ರ ದಶಕದಲ್ಲಿಯೇ ಕವಿಗಳಿಗೆ ಪತ್ರ ಬರೆದು, ಅವರು ಎಸೆಯುತ್ತಿದ್ದ ಕರಡು ಹಾಳೆಗಳನ್ನು ಬೇಡಿ ತರಿಸಿಕೊಳ್ಳತೊಡಗಿದ್ದ. ನ್ಯೂಯಾರ್ಕಿನ 92ನೆಯ ಬೀದಿಯ ವೈ ಸಂಸ್ಥೆಯ ಕಾವ್ಯಕೇಂದ್ರ (1939), ಆರಿಜೋನಾ ವಿಶ್ವವಿದ್ಯಾಲಯದ ಕಾವ್ಯಕೇಂದ್ರ (1960) ಮೊದಲಾದವು ಕಾವ್ಯವಾಚನಕ್ಕೆ ವೇದಿಕೆ ಕೊಟ್ಟವು. ವಾಚನದ ನಡುವೆ ಕವಿತೆಯ ಹಿನ್ನೆಲೆ ಹೇಳುವ ಪದ್ಧತಿ ಬೇರೂರಿತು.

1959 ಮತ್ತು ಅದರ ಪರಿಣಾಮ

ರಾಬರ್ಟ್ ಲೊವೆಲ್‌ನ 'ಲೈಫ್ ಸ್ಟಡೀಸ್' 1959ರಲ್ಲಿ ಪ್ರಕಟವಾಯಿತು. ಬಾಸ್ಟನ್ನಿನ ಪ್ರತಿಷ್ಠಿತ ಮನೆತನದ ಅವನತಿ, ತಂದೆತಾಯಿಯರ ಜಗಳ, ತನ್ನ ಮಾನಸಿಕ ಕಾಯಿಲೆ ಇವನ್ನು ಮುಚ್ಚುಮರೆಯಿಲ್ಲದೆ ವಸ್ತುವಾಗಿಸಿಕೊಂಡ ಈ ಸಂಕಲನದ ನಡುವೆ '91 ರಿವಿಯರ್ ಸ್ಟ್ರೀಟ್' ಎಂಬ ದೀರ್ಘ ಗದ್ಯಭಾಗವೂ ಇದೆ. ಲಂಡನ್ನಿನ ಆವೃತ್ತಿಯಲ್ಲಿ ಆ ಗದ್ಯವನ್ನು ಕೈಬಿಡಲಾಗಿತ್ತು. ವಿಮರ್ಶಕ ಎಂ.ಎಲ್. ರೋಸೆಂತಾಲ್ 'ದ ನೇಷನ್' ಪತ್ರಿಕೆಯಲ್ಲಿ ಈ ಕೃತಿಯನ್ನು ವಿಮರ್ಶಿಸುತ್ತ ಬಳಸಿದ ಶಬ್ದದಿಂದ ಕನ್ಫೆಷನಲ್ (ತಪ್ಪೊಪ್ಪಿಗೆಯ) ಕಾವ್ಯ ಎಂಬ ಹೆಸರು ರೂಢಿಗೆ ಬಂತು. ಡಬ್ಲ್ಯು.ಡಿ. ಸ್ನಾಡ್‌ಗ್ರಾಸ್, ಆನ್ ಸೆಕ್ಸ್‌ಟನ್, ಸಿಲ್ವಿಯಾ ಪ್ಲಾತ್ ಇವರನ್ನೂ ಈ ಗುಂಪಿಗೆ ಸೇರಿಸುತ್ತಾರೆ. ಕವಿಯ ಖಾಸಗಿ ಬದುಕು ಓದುಗರ ಚರ್ಚೆಗೆ ಬಂದದ್ದರಿಂದ, ಆ ಬದುಕನ್ನು ಗದ್ಯದಲ್ಲಿಯೂ ಹೇಳಬೇಕೆಂಬ ಒತ್ತಾಯ ಬೆಳೆಯಿತು. ಕಾವ್ಯದ 'ನಾನು' ಬರೆಯುವ ವ್ಯಕ್ತಿಯೇ ಎಂಬ ಪ್ರಶ್ನೆಗೆ ಉತ್ತರ ಹೇಳದೆ ಆಮೇಲಿನ ಕವಿಗಳಲ್ಲಿ ಹೆಚ್ಚಿನವರಿಗೆ ಸಂದರ್ಶನ ಮುಗಿಸುವುದು ಸಾಧ್ಯವಾಗಲಿಲ್ಲ.

ಪ್ರಕಾರಗಳು

ಸಂದರ್ಶನ: ಈ ಗದ್ಯದ ಎಲ್ಲ ರೂಪಗಳಲ್ಲಿ ಅತ್ಯಂತ ಪ್ರಭಾವಶಾಲಿಯಾದುದು ಸಂದರ್ಶನ. 1953ರಲ್ಲಿ ಆರಂಭವಾದ 'ದ ಪ್ಯಾರಿಸ್ ರಿವ್ಯೂ' ಪತ್ರಿಕೆ ಕಾದಂಬರಿಕಾರರ ಸಂದರ್ಶನಗಳಿಂದ ಹೆಸರಾಗಿ, 1959ರಲ್ಲಿ 'ದ ಆರ್ಟ್ ಆಫ್ ಪೊಯೆಟ್ರಿ' ಎಂಬ ಮಾಲೆಯನ್ನು ತೊಡಗಿತು. ಮೊದಲ ಸಂದರ್ಶನ ಟಿ.ಎಸ್. ಎಲಿಯಟ್‌ನದು, ಪ್ರಶ್ನೆ ಕೇಳಿದವನು ಪತ್ರಿಕೆಯ ಮೊದಲ ಕಾವ್ಯ ಸಂಪಾದಕನಾಗಿದ್ದ ಡೊನಾಲ್ಡ್ ಹಾಲ್. ರಾಬರ್ಟ್ ಫ್ರಾಸ್ಟ್, ಲೊವೆಲ್, ಮೇರಿಯನ್ ಮೂರ್, ಎಜ್ರಾ ಪೌಂಡ್ ಇವರ ಸಂದರ್ಶನಗಳು ಮುಂದಿನ ಕೆಲವೇ ವರ್ಷಗಳಲ್ಲಿ ಬಂದವು. ಮೂರ್ ಮತ್ತು ಪೌಂಡ್‌ರನ್ನು ಮಾತನಾಡಿಸಿದವನೂ ಹಾಲ್.

ಈ ಮಾಲೆಯ ವಿಧಾನವನ್ನು ಗಮನಿಸಬೇಕು. ಸಂದರ್ಶಕ ಕವಿಯ ಕೃತಿಗಳನ್ನೆಲ್ಲ ಓದಿಕೊಂಡು ಹೋಗುತ್ತಾನೆ. ಮಾತನ್ನು ಧ್ವನಿಮುದ್ರಿಸಿ ಅಥವಾ ಟಿಪ್ಪಣಿ ಮಾಡಿಕೊಂಡು ಬರೆದಿಳಿಸಿದ ಪ್ರತಿ ಕವಿಗೆ ಹೋಗುತ್ತದೆ. ಕವಿ ಅದನ್ನು ತಿದ್ದಬಹುದು, ಸೇರಿಸಬಹುದು, ಬೇಡವಾದುದನ್ನು ತೆಗೆಯಬಹುದು. ಹಲವು ಬಾರಿ ಕುಳಿತು ಆಡಿದ ಮಾತು ಒಂದೇ ಸಂಜೆಯ ಮಾತಿನಂತೆ ಅಚ್ಚಾಗುವುದುಂಟು. ಆದ್ದರಿಂದ ಇವನ್ನು ಆಡುಮಾತಿನ ದಾಖಲೆ ಎನ್ನುವುದಕ್ಕಿಂತ ಇಬ್ಬರು ಕೂಡಿ ಬರೆದ ಪ್ರಬಂಧ ಎನ್ನುವುದೇ ಸರಿ. ಪೆನ್ಸಿಲ್ಲೋ ಟೈಪ್‌ರೈಟರೋ, ಬೆಳಗೋ ರಾತ್ರಿಯೋ, ಎಷ್ಟು ಕರಡು ಎಂಬಂಥ ಕಸುಬಿನ ಪ್ರಶ್ನೆಗಳಿಗೆ ಸಾಹಿತ್ಯದ ಚರ್ಚೆಯಲ್ಲಿ ಮರ್ಯಾದೆ ತಂದುಕೊಟ್ಟದ್ದು ಈ ಮಾಲೆಯೇ.

ಚದುರಿದ ಸಂದರ್ಶನಗಳನ್ನು ಒಟ್ಟುಗೂಡಿಸಿದ ಪುಸ್ತಕಗಳೂ ಬಂದವು. ಗ್ಯಾಲ್ವೆ ಕಿನೆಲ್‌ನ 'ವಾಕಿಂಗ್ ಡೌನ್ ದ ಸ್ಟೇರ್ಸ್' (1978), ಗ್ಯಾರಿ ಸ್ನೈಡರ್‌ನ 'ದ ರಿಯಲ್ ವರ್ಕ್' (1980), ಆಲನ್ ಗಿನ್ಸ್‌ಬರ್ಗ್‌ನ 'ಸ್ಪಾಂಟೇನಿಯಸ್ ಮೈಂಡ್' (2001), ಲಿ-ಯಂಗ್ ಲೀಯ 'ಬ್ರೇಕಿಂಗ್ ದ ಅಲಬಾಸ್ಟರ್ ಜಾರ್' (2006) ಇಂಥವು. ದೂರದರ್ಶನದಲ್ಲಿ ರಿಚರ್ಡ್ ಓ. ಮೂರ್ 1966ರಲ್ಲಿ ರೂಪಿಸಿದ 'ಯು.ಎಸ್.ಎ.: ಪೊಯೆಟ್ರಿ' ಸರಣಿ ಕವಿಗಳನ್ನು ಅವರ ಮನೆ, ಬೀದಿಗಳಲ್ಲಿಯೇ ಚಿತ್ರೀಕರಿಸಿತು. ಬಿಲ್ ಮಾಯರ್ಸ್ 1995ರಲ್ಲಿ ನಡೆಸಿಕೊಟ್ಟ 'ದ ಲ್ಯಾಂಗ್ವೇಜ್ ಆಫ್ ಲೈಫ್' ಸರಣಿಯ ಸಂದರ್ಶನಗಳು ಪುಸ್ತಕವಾಗಿಯೂ ಪ್ರಕಟವಾದವು.

ರಚನೆಯನ್ನು ಕುರಿತ ಪ್ರಬಂಧ: ಮಿಷಿಗನ್ ವಿಶ್ವವಿದ್ಯಾಲಯದ ಮುದ್ರಣಾಲಯ 1970ರ ದಶಕದ ಕೊನೆಯಲ್ಲಿ ಹಾಲ್‌ನ ಸಂಪಾದಕತ್ವದಲ್ಲಿ ಆರಂಭಿಸಿದ 'ಪೊಯೆಟ್ಸ್ ಆನ್ ಪೊಯೆಟ್ರಿ' ಮಾಲೆ ಈ ಬಗೆಯ ಅತಿ ದೊಡ್ಡ ಭಂಡಾರ. ಒಬ್ಬ ಕವಿಯ ಪ್ರಬಂಧ, ವಿಮರ್ಶೆ, ಸಂದರ್ಶನಗಳನ್ನು ಒಂದು ತೆಳು ಸಂಪುಟದಲ್ಲಿ ಕೊಡುವುದು ಇದರ ಕ್ರಮ. ಸಂಪುಟಗಳ ಸಂಖ್ಯೆ ನೂರನ್ನು ದಾಟಿದೆ. ಮೊದಲ ಸಂಪುಟಗಳಲ್ಲಿ ಒಂದಾದ ವಿಲಿಯಂ ಸ್ಟಾಫರ್ಡ್‌ನ 'ರೈಟಿಂಗ್ ದ ಆಸ್ಟ್ರೇಲಿಯನ್ ಕ್ರಾಲ್' (1978), ಮಾಲೆಯ ಹೊರಗೆ ಬಂದ ರಿಚರ್ಡ್ ಹ್ಯೂಗೊನ 'ದ ಟ್ರಿಗರಿಂಗ್ ಟೌನ್' (1979) ಇವೆರಡೂ ಕಮ್ಮಟಗಳಲ್ಲಿ ಈಗಲೂ ಪಠ್ಯವಾಗಿವೆ. ಒಂದೊಂದೇ ಕವಿತೆಗೆ ಕವಿಯ ಟಿಪ್ಪಣಿ ಕೇಳಿ ಪಡೆದ ಸಂಕಲನಗಳು ಇನ್ನೊಂದು ಬಗೆ. ಪಾಲ್ ಎಂಗಲ್ ಮತ್ತು ಜೋಸೆಫ್ ಲ್ಯಾಂಗ್‌ಲ್ಯಾಂಡ್ ಸಂಪಾದಿಸಿದ 'ಪೊಯೆಟ್ಸ್ ಚಾಯ್ಸ್' (1962), ಆಲ್ಬರ್ಟಾ ಟರ್ನರ್ ಸಂಪಾದಿಸಿದ 'ಫಿಫ್ಟಿ ಕಾಂಟೆಂಪರರಿ ಪೊಯೆಟ್ಸ್' (1977) ಇದಕ್ಕೆ ಉದಾಹರಣೆ. 1988ರಲ್ಲಿ ಆರಂಭವಾದ 'ದ ಬೆಸ್ಟ್ ಅಮೆರಿಕನ್ ಪೊಯೆಟ್ರಿ' ವಾರ್ಷಿಕದ ಕೊನೆಯ ಪುಟಗಳಲ್ಲಿ ಕವಿಗಳು ತಮ್ಮ ಕವಿತೆಯ ಬಗ್ಗೆ ಬರೆದ ಟಿಪ್ಪಣಿಗಳೂ ಇದೇ ಜಾತಿಗೆ ಸೇರುತ್ತವೆ.

ಈ ಬಗೆಯಲ್ಲಿ ಏಡ್ರಿಯನ್ ರಿಚ್‌ಳ 'ವೆನ್ ವಿ ಡೆಡ್ ಅವೇಕನ್' ಪ್ರಬಂಧಕ್ಕೆ ಪ್ರತ್ಯೇಕ ಸ್ಥಾನವಿದೆ. 1971ರ ಡಿಸೆಂಬರ್‌ನಲ್ಲಿ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ನಿನ ಸಭೆಯಲ್ಲಿ ಉಪನ್ಯಾಸವಾಗಿ ಮೊದಲು ಮಂಡಿಸಿದ್ದು ಇದು. ರಿಚ್‌ಳ ಮೊದಲ ಸಂಕಲನವನ್ನು (1951) ಯೇಲ್ ವಿಶ್ವವಿದ್ಯಾಲಯದ ಕಿರಿಯ ಕವಿಗಳ ಮಾಲೆಗೆ ಆರಿಸಿ ಮುನ್ನುಡಿ ಬರೆದವನು ಡಬ್ಲ್ಯು.ಎಚ್. ಆಡೆನ್. ಆ ಕಾಲದ ತನ್ನ ಕವಿತೆಗಳನ್ನು ರಿಚ್ ಇಲ್ಲಿ ಸಾಕ್ಷ್ಯವಾಗಿಟ್ಟುಕೊಂಡು, ಹೆಣ್ಣಿನ ಅನುಭವ ನೇರವಾಗಿ ಬರಬೇಕಾದಲ್ಲಿ ಗಂಡಸರಿಂದ ಕಲಿತ ಬಂಧ ಅದನ್ನು ಹೇಗೆ ದೂರವಿಟ್ಟಿತೆಂದು ಪರೀಕ್ಷಿಸುತ್ತಾಳೆ. ಮೂವರು ಮಕ್ಕಳ ತಾಯಿಯಾಗಿ ಬರೆಯಲು ಬಿಡುವು ಸಿಗದ ವರ್ಷಗಳ ವಿವರವೂ ಇದರಲ್ಲಿದೆ. ಸ್ವಂತ ಕವಿತೆಗಳನ್ನೇ ವಿಚಾರಣೆಗೆ ಒಳಪಡಿಸಿದ ಇಂಥ ನಿಷ್ಠುರ ಬರಹ ಈ ಪ್ರಕಾರದಲ್ಲಿ ವಿರಳ. ತಾಯ್ತನವನ್ನು ಕುರಿತ 'ಆಫ್ ವುಮನ್ ಬಾರ್ನ್' (1976) ಇದರ ಮುಂದುವರಿಕೆ.

ಲೂಯಿಸ್ ಗ್ಲಿಕ್‌ಳ 'ಪ್ರೂಫ್ಸ್ ಅಂಡ್ ಥಿಯರೀಸ್' (1994) ಸಂಪುಟ ಎದುರು ದಿಕ್ಕಿನದು. ಅದರಲ್ಲಿನ 'ಅಗೇನ್‌ಸ್ಟ್ ಸಿನ್ಸೆರಿಟಿ' ಎಂಬ ಪ್ರಬಂಧ ನಡೆದ ಘಟನೆ, ಕಾವ್ಯ ಕಾಣಿಸುವ ಸತ್ಯ, ಪ್ರಾಮಾಣಿಕತೆ ಈ ಮೂರನ್ನೂ ಬೇರ್ಪಡಿಸಿ, ಮೊದಲನೆಯದಕ್ಕೆ ನಿಷ್ಠವಾಗಿದ್ದ ಮಾತ್ರಕ್ಕೆ ಎರಡನೆಯದು ದಕ್ಕದು ಎಂದು ವಾದಿಸುತ್ತದೆ. ಗ್ಲಿಕ್‌ಗೆ 2020ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಆತ್ಮಕಥೆ ಮತ್ತು ಸ್ಮೃತಿಕಥನ: ಈ ವಿಭಾಗದಲ್ಲಿ ಆಫ್ರಿಕನ್ ಅಮೆರಿಕನ್ ಕವಿಗಳ ಕೊಡುಗೆ ಎಲ್ಲರಿಗಿಂತ ದೊಡ್ಡದು. ಗುಲಾಮರ ಆತ್ಮನಿವೇದನೆಗಳ ಪರಂಪರೆ ಇವರ ಬೆನ್ನಿಗಿತ್ತು. ಮಾಯಾ ಏಂಜೆಲೊ 'ಐ ನೋ ವೈ ದ ಕೇಜ್ಡ್ ಬರ್ಡ್ ಸಿಂಗ್ಸ್' (1969) ಕೃತಿಯಿಂದ ಆರಂಭಿಸಿ 2013ರ ವರೆಗೆ ಏಳು ಸಂಪುಟಗಳಲ್ಲಿ ತನ್ನ ಬದುಕನ್ನು ಬರೆದಳು. ಪುಲಿಟ್ಜರ್ ಪ್ರಶಸ್ತಿ ಪಡೆದ (1950) ಮೊದಲ ಆಫ್ರಿಕನ್ ಅಮೆರಿಕನ್ ಲೇಖಕಿ ಗ್ವೆಂಡೊಲಿನ್ ಬ್ರೂಕ್ಸ್ 'ರಿಪೋರ್ಟ್ ಫ್ರಂ ಪಾರ್ಟ್ ಒನ್' (1972) ಕೃತಿಯಲ್ಲಿ, 1967ರಲ್ಲಿ ಫಿಸ್ಕ್ ವಿಶ್ವವಿದ್ಯಾಲಯದ ಲೇಖಕರ ಸಮ್ಮೇಳನ ತನ್ನ ದೃಷ್ಟಿಯನ್ನು ಬದಲಿಸಿದ ಬಗೆಯನ್ನು ವಿವರಿಸಿದ್ದಾಳೆ. ನ್ಯೂಯಾರ್ಕಿನ ದೊಡ್ಡ ಪ್ರಕಾಶಕರನ್ನು ಬಿಟ್ಟು ಡೆಟ್ರಾಯ್ಟ್‌ನ ಬ್ರಾಡ್‌ಸೈಡ್ ಪ್ರೆಸ್‌ಗೆ ಪುಸ್ತಕ ಕೊಟ್ಟದ್ದೂ ಆ ಬದಲಾವಣೆಯ ಭಾಗವೇ. ಲೂಸಿಲ್ ಕ್ಲಿಫ್ಟನ್‌ಳ 'ಜನರೇಷನ್ಸ್' (1976) ನೂರು ಪುಟಗಳ ಆಸುಪಾಸಿನಲ್ಲಿ ಆಫ್ರಿಕದ ದಹೋಮಿಯಲ್ಲಿ ಹುಟ್ಟಿದ ಪೂರ್ವಜೆಯಿಂದ ಹಿಡಿದು ಒಂದು ವಂಶದ ಕಥೆಯನ್ನು ಹೇಳುತ್ತದೆ. ರ‍್ಯಾಂಡಂ ಹೌಸ್ ಸಂಸ್ಥೆಯಲ್ಲಿ ಇದರ ಸಂಪಾದಕಿಯಾಗಿದ್ದವಳು ಕಾದಂಬರಿಗಾರ್ತಿ ಟೋನಿ ಮಾರಿಸನ್. ಆಡ್ರಿ ಲಾರ್ಡ್ 'ದ ಕ್ಯಾನ್ಸರ್ ಜರ್ನಲ್ಸ್' (1980) ಬರೆದು ಸ್ತನಶಸ್ತ್ರಚಿಕಿತ್ಸೆಯ ಅನುಭವವನ್ನು ಬಹಿರಂಗವಾಗಿ ಚರ್ಚಿಸಿದಳು. 'ಝಾಮಿ' (1982) ಕೃತಿಯಲ್ಲಿ ಇತಿಹಾಸ, ಪುರಾಣ, ಸ್ವಂತ ಬದುಕು ಮೂರನ್ನೂ ಬೆರೆಸಿ, ಅದನ್ನು ಬಯೊಮಿಥೋಗ್ರಫಿ ಎಂದು ಕರೆದಳು.

ಟೆಕ್ಸಸ್‌ನ ತೈಲಪಟ್ಟಣದ ಕುಟುಂಬವೊಂದನ್ನು ಚಿತ್ರಿಸಿದ ಮೇರಿ ಕಾರ್‌ಳ 'ದ ಲಯರ್ಸ್ ಕ್ಲಬ್' (1995) ಅಪಾರವಾಗಿ ಮಾರಾಟವಾಯಿತು. ಆಮೇಲೆ ಪ್ರಕಾಶಕರು ಕವಿಗಳ ಸ್ಮೃತಿಕಥನಗಳಿಗಾಗಿ ಹುಡುಕತೊಡಗಿದರು. ಏಡ್ಸ್‌ನಿಂದ ಸಂಗಾತಿಯನ್ನು ಕಳೆದುಕೊಂಡ ಮಾರ್ಕ್ ಡೋಟಿಯ 'ಹೆವನ್ಸ್ ಕೋಸ್ಟ್' (1996), ಪತಿಯ ಹಠಾತ್ ಸಾವನ್ನು ಕುರಿತ ಎಲಿಜಬೆತ್ ಅಲೆಕ್ಸಾಂಡರ್‌ಳ 'ದ ಲೈಟ್ ಆಫ್ ದ ವರ್ಲ್ಡ್' (2015) ಶೋಕದ ಕಥನಗಳು. ಮಸ್ಕೋಗಿ ಜನಾಂಗದ ಜಾಯ್ ಹಾರ್ಜೊ 'ಕ್ರೇಜಿ ಬ್ರೇವ್' (2012) ಕೃತಿಯನ್ನು ಕಾಲಕ್ರಮದ ಬದಲು ನಾಲ್ಕು ದಿಕ್ಕುಗಳಿಗೆ ಹೊಂದಿಸಿ ರಚಿಸಿದ್ದಾಳೆ. ನತಾಶಾ ಟ್ರೆಥ್‌ವೇಯ 'ಮೆಮೋರಿಯಲ್ ಡ್ರೈವ್' (2020) 1985ರಲ್ಲಿ ಮಲತಂದೆಯ ಕೈಯಲ್ಲಿ ನಡೆದ ತಾಯಿಯ ಕೊಲೆಯನ್ನು ಕುರಿತದ್ದು. ಪೊಲೀಸ್ ಕಡತದ ಕಾಗದಗಳೂ ದೂರವಾಣಿ ಸಂಭಾಷಣೆಯ ಲಿಖಿತ ಪ್ರತಿಯೂ ಅದರಲ್ಲಿ ಹಾಗೆಯೇ ಸೇರಿವೆ. ವಲಸೆಯ ಕಥನಗಳಲ್ಲಿ ಬೆಲ್‌ಗ್ರೇಡ್‌ನಲ್ಲಿ ಹುಟ್ಟಿದ ಚಾರ್ಲ್ಸ್ ಸಿಮಿಕ್‌ನ 'ಎ ಫ್ಲೈ ಇನ್ ದ ಸೂಪ್' (2000), ಜಕಾರ್ತದಲ್ಲಿ ಹುಟ್ಟಿದ ಲಿ-ಯಂಗ್ ಲೀಯ 'ದ ವಿಂಗ್ಡ್ ಸೀಡ್' (1995), ಎಲ್ ಸಾಲ್ವಡಾರ್‌ನಿಂದ ಒಂಬತ್ತನೆಯ ವಯಸ್ಸಿನಲ್ಲಿ ಒಂಟಿಯಾಗಿ ಹೊರಟ ಹಾವಿಯೆರ್ ಸಮೋರಾನ 'ಸೊಲಿಟೊ' (2022) ಮುಖ್ಯವಾದವು.

ಒಂದೇ ಬದುಕನ್ನು ಹಲವು ಸಲ ಬರೆದವರಲ್ಲಿ ಡೊನಾಲ್ಡ್ ಹಾಲ್ ಪ್ರಮುಖ. ಮಿಷಿಗನ್‌ನ ಅಧ್ಯಾಪಕ ವೃತ್ತಿ ಬಿಟ್ಟು 1975ರಲ್ಲಿ ಅವನು ನ್ಯೂಹ್ಯಾಂಪ್‌ಷೈರ್‌ನ ವಿಲ್ಮಟ್‌ನಲ್ಲಿದ್ದ ತಾತನ ಹೊಲಮನೆಗೆ ಬಂದು ನೆಲೆಸಿದ. 'ಲೈಫ್ ವರ್ಕ್' (1993) ದುಡಿಮೆಯನ್ನು ಕುರಿತ ಪುಸ್ತಕ. ಅದನ್ನು ಬರೆಯುತ್ತಿರುವಾಗಲೇ ತನ್ನ ಕ್ಯಾನ್ಸರ್ ಯಕೃತ್ತಿಗೆ ಹರಡಿದ್ದು ತಿಳಿದು, ಪುಸ್ತಕದ ದಿಕ್ಕೇ ಬದಲಾಯಿತು. ಅವನು ಬದುಕುಳಿದ. ಅವನ ಪತ್ನಿ, ಕವಯಿತ್ರಿ ಜೇನ್ ಕೆನ್ಯನ್, 1995ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಅವಳೊಂದಿಗಿನ ಬಾಳನ್ನು ಕುರಿತ 2005ರ ಪುಸ್ತಕ, 'ಎಸ್ಸೇಸ್ ಆಫ್ಟರ್ ಎಯ್ಟಿ' (2014), ನಿಧನದ ವರ್ಷವಾದ 2018ರಲ್ಲಿಯೇ ಬಂದ 'ಎ ಕಾರ್ನಿವಲ್ ಆಫ್ ಲಾಸಸ್' ಇವು ಅಗಲಿಕೆಯನ್ನೂ ಮುಪ್ಪನ್ನೂ ಕುರಿತ ಅಮೆರಿಕನ್ ಗದ್ಯದಲ್ಲಿ ಎದ್ದು ಕಾಣುವ ಕೃತಿಗಳು.

ಪತ್ರ ಮತ್ತು ದಿನಚರಿ: ಇವು ಪ್ರಕಟಣೆಗೆಂದು ಬರೆದವಲ್ಲವಾದರೂ ಪ್ರಕಟವಾದ ಮೇಲೆ ಈ ಗದ್ಯದ ಅಂಗವಾಗಿವೆ. ಎಲಿಜಬೆತ್ ಬಿಷಪ್‌ಳ ಪತ್ರಗಳ 'ಒನ್ ಆರ್ಟ್' (1994), ಬಿಷಪ್ ಮತ್ತು ಲೊವೆಲ್‌ರ ಪತ್ರವ್ಯವಹಾರದ 'ವರ್ಡ್ಸ್ ಇನ್ ಏರ್' (2008), ಪ್ಲಾತ್‌ಳ ದಿನಚರಿಗಳು ಮುಖ್ಯ. ಪ್ಲಾತ್‌ಳ ದಿನಚರಿ 1982ರಲ್ಲಿ ಸಂಕ್ಷಿಪ್ತವಾಗಿ ಬಂದು, ಉಳಿದಿರುವ ಭಾಗಗಳ ಪೂರ್ಣ ಪಾಠ 2000ದಲ್ಲಿ ಹೊರಬಿತ್ತು.

ಪ್ರಯೋಗಗಳು: ನಡೆದ ಕ್ರಮದಲ್ಲಿ ಕಥೆ ಹೇಳುವುದನ್ನೇ ಪ್ರಶ್ನಿಸಿದವರು ಭಾಷೆಯನ್ನೇ ಕಾವ್ಯದ ಕೇಂದ್ರವಾಗಿಸಿಕೊಂಡ ಲ್ಯಾಂಗ್ವೇಜ್ ಪಂಥದ ಕವಿಗಳು. ಲಿನ್ ಹೆಜಿನಿಯನ್‌ಳ 'ಮೈ ಲೈಫ್' (1980) ಅವಳ 37ನೆಯ ವಯಸ್ಸಿನ ಲೆಕ್ಕಕ್ಕೆ 37 ಭಾಗಗಳಲ್ಲಿ, ಭಾಗಕ್ಕೆ 37 ವಾಕ್ಯಗಳಂತೆ ರಚಿತವಾಯಿತು. 1987ರ ಪರಿಷ್ಕೃತ ಆವೃತ್ತಿಯಲ್ಲಿ ಎರಡೂ ಸಂಖ್ಯೆ 45ಕ್ಕೆ ಏರಿದವು. ಸ್ಯಾನ್‌ಫ್ರಾನ್ಸಿಸ್ಕೊದ ಕಾಫಿಮನೆಯೊಂದರ ಹೆಸರಿನ 'ದ ಗ್ರ್ಯಾಂಡ್ ಪಿಯಾನೊ' (2006–2010) ಹತ್ತು ಕವಿಗಳು ಹತ್ತು ಸಂಪುಟಗಳಲ್ಲಿ ಬರೆದ ಸಾಮೂಹಿಕ ಆತ್ಮಕಥೆ.

ವಿವಾದಗಳು

ತನ್ನ ಬದುಕನ್ನು ಬರೆಯುವವನು ಇತರರ ಬದುಕನ್ನೂ ಬರೆಯಬೇಕಾಗುತ್ತದೆ. ಇದರ ಬಗ್ಗೆ ನಡೆದ ಅತ್ಯಂತ ತೀವ್ರ ಚರ್ಚೆ ಲೊವೆಲ್‌ನ 'ದ ಡಾಲ್ಫಿನ್' (1973) ಸಂಕಲನವನ್ನು ಕುರಿತದ್ದು. ತಾನು ಬಿಟ್ಟುಬಂದ ಪತ್ನಿ, ಲೇಖಕಿ ಎಲಿಜಬೆತ್ ಹಾರ್ಡ್‌ವಿಕ್ ತನಗೆ ಬರೆದ ಖಾಸಗಿ ಪತ್ರಗಳನ್ನು ಅವನು ಮಾರ್ಪಡಿಸಿ ಕವಿತೆಗಳಲ್ಲಿ ಬಳಸಿದ್ದ. ಹಸ್ತಪ್ರತಿ ಓದಿದ ಬಿಷಪ್ 1972ರಲ್ಲಿಯೇ ಪತ್ರ ಬರೆದು ಬಲವಾಗಿ ಆಕ್ಷೇಪಿಸಿದ್ದಳು. ಪತ್ರಗಳನ್ನು ಬಳಸಿದ್ದಲ್ಲದೆ ಬದಲಾಯಿಸಿದ್ದು ಅವಳಿಗೆ ಹೆಚ್ಚು ಅಕ್ಷಮ್ಯವಾಗಿ ಕಂಡಿತ್ತು. ಲೊವೆಲ್ ಕೆಲವು ಮಾರ್ಪಾಡು ಮಾಡಿ ಪ್ರಕಟಿಸಿಯೇಬಿಟ್ಟ. ರಿಚ್ 'ಅಮೆರಿಕನ್ ಪೊಯೆಟ್ರಿ ರಿವ್ಯೂ'ದಲ್ಲಿ ಅದನ್ನು ಕಟುವಾಗಿ ಖಂಡಿಸಿದಳು. ಕೃತಿಗೆ 1974ರಲ್ಲಿ ಪುಲಿಟ್ಜರ್ ಬಂತು. ಎಲ್ಲರ ಪತ್ರಗಳೂ ಒಟ್ಟಾಗಿ 'ದ ಡಾಲ್ಫಿನ್ ಲೆಟರ್ಸ್' ಎಂದು 2019ರಲ್ಲಿ ಹೊರಬಂದವು. ಹಾರ್ಡ್‌ವಿಕ್‌ಳ ಮಾತು ಅವಳ ದನಿಯಲ್ಲಿಯೇ ಓದುಗರಿಗೆ ತಲುಪಿದ್ದು ಆಗ. ಅಷ್ಟರಲ್ಲಿ ಲೊವೆಲ್, ಹಾರ್ಡ್‌ವಿಕ್ ಇಬ್ಬರೂ ಬದುಕಿರಲಿಲ್ಲ.

ಮೇರಿ ಕಾರ್ ತನ್ನ ಪುಸ್ತಕಗಳ ಹಸ್ತಪ್ರತಿಯನ್ನು ಅದರಲ್ಲಿ ಬರುವವರಿಗೆ ಮುಂಚೆಯೇ ತೋರಿಸುವ ಪದ್ಧತಿ ಇಟ್ಟುಕೊಂಡದ್ದನ್ನು 'ದ ಆರ್ಟ್ ಆಫ್ ಮೆಮ್ವಾರ್' (2015) ಕೃತಿಯಲ್ಲಿ ವಿವರಿಸಿದ್ದಾಳೆ. ಪ್ಲಾತ್‌ಳ ಒಂದು ದಿನಚರಿಯನ್ನು ಮಕ್ಕಳ ಕಣ್ಣಿಗೆ ಬೀಳಬಾರದೆಂದು ತಾನೇ ನಾಶಮಾಡಿದ್ದಾಗಿ ಪತಿ ಟೆಡ್ ಹ್ಯೂಸ್ ಹೇಳಿದ್ದು ಇನ್ನೊಂದು ದೊಡ್ಡ ವಿವಾದ.

ಉಪಯೋಗ

ಸಾಹಿತ್ಯ ಚರಿತ್ರೆಕಾರರಿಗೆ ಈ ಗದ್ಯ ಆಕರ. ಕಮ್ಮಟಗಳಲ್ಲಿ ಪಠ್ಯ. ಕವಿತೆಯ ಕಾಲನಿರ್ಣಯ, ಪಾಠಾಂತರ, ಓದಿನ ಪ್ರಭಾವ ಇವುಗಳಿಗೆ ಕವಿಯ ಹೇಳಿಕೆ ನೆರವಾಗುತ್ತದೆ. ಅರ್ಥನಿರ್ಣಯದಲ್ಲಿ ಮಾತ್ರ ಅದನ್ನು ಕೊನೆಯ ಮಾತೆಂದು ಹಿಡಿಯುವುದಿಲ್ಲ. ವರ್ಷಗಳ ನಂತರ ಹೇಳಿದ ಮಾತನ್ನು ಕರಡುಪ್ರತಿ, ಅಂದಿನ ಪತ್ರಗಳ ಜೊತೆಗೆ ತಾಳೆನೋಡಿಯೇ ಬಳಸಬೇಕೆಂಬುದು ವಿದ್ವಾಂಸರ ನಿಯಮ. ಇದಕ್ಕೆ ಬೇಕಾದ ಕಾಗದಪತ್ರಗಳು ವಿಶ್ವವಿದ್ಯಾಲಯಗಳಲ್ಲಿ ಹಂಚಿಹೋಗಿವೆ: ಬಿಷಪ್‌ಳವು ವಾಸರ್ ಕಾಲೇಜಿನಲ್ಲಿ, ರಿಚ್‌ಳವು ಹಾರ್ವರ್ಡ್‌ನ ಶ್ಲೆಸಿಂಜರ್ ಗ್ರಂಥಾಲಯದಲ್ಲಿ, ಸೆಕ್ಸ್‌ಟನ್‌ಳವು ಟೆಕ್ಸಸ್‌ನ ಆಸ್ಟಿನ್‌ನಲ್ಲಿ, ಕ್ಲಿಫ್ಟನ್‌ಳವು ಎಮರಿಯಲ್ಲಿ, ಗಿನ್ಸ್‌ಬರ್ಗ್‌ನವು ಸ್ಟ್ಯಾನ್‌ಫರ್ಡ್‌ನಲ್ಲಿ.

ಭಾರತದ ಮತ್ತು ಕನ್ನಡದ ಸಂಬಂಧ

1962–63ರಲ್ಲಿ ಭಾರತದಲ್ಲಿದ್ದ ಗಿನ್ಸ್‌ಬರ್ಗ್‌ನ 'ಇಂಡಿಯನ್ ಜರ್ನಲ್ಸ್' (1970) ಕಾಶಿ, ಕಲ್ಕತ್ತೆಗಳ ದಿನಚರಿ. ಅದೇ ಕಾಲದಲ್ಲಿ ಇಲ್ಲಿ ಸುತ್ತಾಡಿದ ಸ್ನೈಡರ್ ಮತ್ತು ಜೋಆನ್ ಕೈಗರ್ ಕೂಡ ತಮ್ಮ ಬರಹಗಳನ್ನು ಆಮೇಲೆ ಪ್ರಕಟಿಸಿದರು. ಮೂರನ್ನೂ ಜೊತೆಗಿಟ್ಟು ಓದಿದರೆ ಒಂದೇ ಪ್ರವಾಸದ ಭಿನ್ನ ನೋಟಗಳು ಸಿಗುತ್ತವೆ.

ಅಲಹಾಬಾದಿನಲ್ಲಿ ಹುಟ್ಟಿ, ಕೇರಳ ಮತ್ತು ಸುಡಾನ್‌ಗಳಲ್ಲಿ ಬೆಳೆದು ನ್ಯೂಯಾರ್ಕಿನಲ್ಲಿ ನೆಲೆಸಿದ ಮೀನಾ ಅಲೆಕ್ಸಾಂಡರ್ (1951–2018) ಬರೆದ 'ಫಾಲ್ಟ್ ಲೈನ್ಸ್' 1993ರಲ್ಲಿ ಪ್ರಕಟವಾಯಿತು. ಮೊದಲ ಆವೃತ್ತಿ ಮರೆಮಾಡಿದ್ದ ಬಾಲ್ಯದ ಲೈಂಗಿಕ ದೌರ್ಜನ್ಯದ ನೆನಪನ್ನು ಅವರು 2003ರ ವಿಸ್ತೃತ ಆವೃತ್ತಿಯಲ್ಲಿ ಸೇರಿಸಿದರು. ಸ್ಮೃತಿಕಥನ ಒಮ್ಮೆಗೆ ಮುಗಿಯುವ ಬರಹವಲ್ಲ ಎಂಬುದಕ್ಕೆ ಈ ಕೃತಿಯನ್ನು ಉದಾಹರಿಸುವುದುಂಟು.

ಮೈಸೂರಿನಲ್ಲಿ ಹುಟ್ಟಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಮೂರು ದಶಕ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ (1929–1993) ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಕವಿತೆ ಬರೆದರು. ನೇರವಾದ ಆತ್ಮಕಥೆ ಬರೆಯಲಿಲ್ಲ. ಕನ್ನಡದಲ್ಲಿ ಬರೆದ 'ಮತ್ತೊಬ್ಬನ ಆತ್ಮಚರಿತ್ರೆ' (1978) ಹೆಸರೇ ಹೇಳುವಂತೆ ಆ ಪ್ರಕಾರವನ್ನು ಚೇಷ್ಟೆಗೆ ಎಳೆದ ಕಾದಂಬರಿ. ಅವರ ಖಾಸಗಿ ದಿನಚರಿಗಳು ಷಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅವುಗಳಿಂದ ಆಯ್ದ 'ಜರ್ನೀಸ್: ಎ ಪೊಯೆಟ್ಸ್ ಡೈರಿ' 2019ರಲ್ಲಿ ಕೃಷ್ಣ ಮನವಳ್ಳಿ ಮತ್ತು ಗಿಲೆರ್ಮೊ ರೊಡ್ರಿಗೆಸ್ ಅವರ ಸಂಪಾದಕತ್ವದಲ್ಲಿ ಪ್ರಕಟವಾಯಿತು.

ಇಂದಿನ ಸ್ಥಿತಿ

ಇಪ್ಪತ್ತೊಂದನೆಯ ಶತಮಾನದಲ್ಲಿ ಅಚ್ಚಿನ ಸಂದರ್ಶನದ ಜೊತೆಗೆ ಧ್ವನಿ ಪ್ರಧಾನವಾಗಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪೆನ್‌ಸೌಂಡ್ 2005ರಿಂದ ಕವಿಗಳ ವಾಚನ, ಮಾತುಕತೆಗಳನ್ನು ಉಚಿತವಾಗಿ ಕೇಳಿಸುತ್ತಿದೆ. 1940ರ ದಶಕದಿಂದ ಕವಿಗಳ ಧ್ವನಿ ಸಂಗ್ರಹಿಸುತ್ತ ಬಂದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಭಂಡಾರವನ್ನು 2015ರಿಂದ ಅಂತರ್ಜಾಲಕ್ಕೆ ಏರಿಸತೊಡಗಿತು. ರೇಚಲ್ ಝಕರ್ 2016ರಲ್ಲಿ ಆರಂಭಿಸಿದ 'ಕಾಮನ್‌ಪ್ಲೇಸ್' ಪಾಡ್‌ಕಾಸ್ಟ್‌ನಲ್ಲಿ ಮನೆಗೆಲಸ, ಹಣ, ಮಕ್ಕಳ ಪಾಲನೆಗಳೂ ಕಾವ್ಯದಷ್ಟೇ ಚರ್ಚೆಗೆ ಬರುತ್ತವೆ. ಬರಹದಲ್ಲಿ ಕವಿತೆ, ಪ್ರಬಂಧ, ಸ್ಮೃತಿಕಥನಗಳ ಗೆರೆ ತೆಳುವಾಗಿದ್ದು, ಕ್ಲಾಡಿಯಾ ರ‍್ಯಾಂಕಿನ್‌ಳ 'ಸಿಟಿಜನ್' (2014), ಮ್ಯಾಗಿ ನೆಲ್ಸನ್‌ಳ 'ದಿ ಆರ್ಗೊನಾಟ್ಸ್' (2015) ಮೊದಲಾದವನ್ನು ಯಾವ ಪ್ರಕಾರಕ್ಕೆ ಸೇರಿಸಬೇಕೆಂಬುದರಲ್ಲಿ ಒಮ್ಮತವಿಲ್ಲ. ಜೀವನಚರಿತ್ರೆಯೊಂದಿಗೆ ಕೂಡಿಸಿ ಕೊಡುತ್ತಿದ್ದ ಪುಲಿಟ್ಜರ್ ಪ್ರಶಸ್ತಿಯನ್ನು 2023ರಲ್ಲಿ ಬೇರ್ಪಡಿಸಿ, ಆತ್ಮಕಥೆ ಮತ್ತು ಸ್ಮೃತಿಕಥನಕ್ಕೆ ಪ್ರತ್ಯೇಕ ವಿಭಾಗ ಸ್ಥಾಪಿಸಲಾಗಿದೆ.